ದಾದಿಯ ನೋವಿಗೆ ದಾದಿ ಯಾರು?

ಅಧ್ಯಾಪಕನಾದವನಿಗೆ ಇತರರ ಅಕ್ಷರವನ್ನು ಕಂಡು ಮುಖ ಸಿಂಡರಿಸುವ ಅಭ್ಯಾಸ ತಾನಾಗಿಯೇ ಬಂದುಬಿಡುತ್ತದೆ. ಉತ್ತರಪತ್ರಿಕೆಗಳ ರಾಶಿಯ ಮುಂದೆ ಹತ್ತು ವರ್ಷ ಕುಳಿತ ನನಗೂ ಅದು ಬಂದಿದೆ. ಕಳೆದ ಭಾನುವಾರ ಅಣ್ಣನ ಮನೆಗೆ ಹೋಗಿದ್ದಾಗ ಮೇಜಿನ ಮೇಲೆ ಒಂದು ಕಾಪಿ ಪುಸ್ತಕ ಬಿದ್ದಿತ್ತು. ತೆರೆದು ನೋಡಿದೆ. ಅಕ್ಷರಗಳೆಲ್ಲ ಗಾಳಿಗೆ ಸಿಕ್ಕ ಜೋಳದ ಪೈರಿನಂತೆ ಒಂದೇ ಕಡೆಗೆ ವಾಲಿದ್ದವು. ತಲೆಕಟ್ಟುಗಳು ಮೇಲಕ್ಕೆ ಹಾರಿದ್ದವು. ಒತ್ತುಗಳು ಗೆರೆಯಿಂದ ಕೆಳಗೆ ಜಾರಿದ್ದವು.

“ಇದೇನು ಅತ್ತಿಗೆ, ನಿಮ್ಮ ಮಗನ ಅಕ್ಷರ ಇಷ್ಟು ಕೆಟ್ಟಿದೆ? ಎಂಟನೆಯ ತರಗತಿಯ ಹುಡುಗ ಹೀಗೆಯೇ ಬರೆಯುವುದು?” ಎಂದೆ.

ಅತ್ತಿಗೆ ನಕ್ಕರು. “ಅದು ಅವನದಲ್ಲಪ್ಪ ಮೇಷ್ಟ್ರೇ, ನನ್ನದು. ಎಡಗೈಯ ಅಕ್ಷರ. ಎಷ್ಟು ಅಂಕ ಕೊಡುತ್ತೀಯೆ, ಹೇಳು.”

ನಾನು ಪುಸ್ತಕವನ್ನು ಮೆಲ್ಲನೆ ಮುಚ್ಚಿಟ್ಟೆ.

ವಾಚಕರಿಗೆ ವಿಷಯವನ್ನು ಮೊದಲಿನಿಂದ ಹೇಳಬೇಕು. ನಮ್ಮ ಅತ್ತಿಗೆ ವೃತ್ತಿಯಿಂದ ದಾದಿ. ಜಿಲ್ಲಾ ಕೇಂದ್ರವೊಂದರ ಸರ್ಕಾರಿ ಆಸ್ಪತ್ರೆಯಲ್ಲಿ ಹದಿನೇಳು ವರ್ಷಗಳ ಸೇವೆ. ದಾದಿಯೆಂದರೆ ಸಾಕುತಾಯಿ ಎಂಬ ಅರ್ಥ ನಮ್ಮ ಭಾಷೆಯಲ್ಲಿ ಬಹುಕಾಲದಿಂದ ಇದೆ. ಆಸ್ಪತ್ರೆಯಲ್ಲಿ ಮಾತ್ರ ಆ ಹೆಸರಿನಿಂದ ಅವರನ್ನು ಯಾರೂ ಕರೆಯುವುದಿಲ್ಲ. ಪಟ್ಟಣದವರು ‘ಸಿಸ್ಟರ್’ ಎನ್ನುತ್ತಾರೆ, ಹಳ್ಳಿಯ ಅಜ್ಜಿಯರು ‘ನರ್ಸಮ್ಮ’ ಎನ್ನುತ್ತಾರೆ. ಎರಡು ವರ್ಷಗಳ ಹಿಂದೆ, ಆಷಾಢದ ಒಂದು ರಾತ್ರಿ, ಅವರಿಗೆ ರಾತ್ರಿಯ ಪಾಳಿ ಇತ್ತು. ನಲವತ್ತು ಹಾಸಿಗೆಗಳ ವಾರ್ಡಿಗೆ ಇದ್ದವರು ಇಬ್ಬರು ದಾದಿಯರು. ಸ್ಟ್ರೆಚರಿನಿಂದ ಮಂಚಕ್ಕೆ ಸಾಗಿಸುವಾಗ ಸ್ಥೂಲಕಾಯದ ರೋಗಿಯೊಬ್ಬ ಜಾರಿದ. ಅವನನ್ನು ಹಿಡಿಯಹೋದ ಅತ್ತಿಗೆ ಒದ್ದೆಯಾಗಿದ್ದ ನೆಲದ ಮೇಲೆ ಬಲಗೈಯನ್ನು ಊರಿ ಬಿದ್ದರು. ರೋಗಿಗೆ ಏನೂ ಆಗಲಿಲ್ಲ. ಅತ್ತಿಗೆಯ ಮಣಿಕಟ್ಟಿನ ಮೂಳೆ ಮುರಿಯಿತು. “ಅವನು ಬಿದ್ದಿದ್ದರೆ ವಿಚಾರಣೆ ನಡೆಯುತ್ತಿತ್ತು, ಬಿದ್ದವಳು ನಾನಾದ್ದರಿಂದ ರಜೆ ಸಿಕ್ಕಿತು” ಎಂದು ಅವರು ಈಗಲೂ ನಗುತ್ತಾ ಹೇಳುವುದುಂಟು.

ಆರು ವಾರ ಪ್ಲಾಸ್ಟರು. ಅದನ್ನು ಬಿಚ್ಚಿದ ಮೇಲೆ ತೆಗೆದ ಎಕ್ಸ್‌ರೇ ಚಿತ್ರದಲ್ಲಿ ಮೂಳೆ ಚೆನ್ನಾಗಿಯೇ ಕೂಡಿಕೊಂಡಿತ್ತು. ಆದರೆ ನೋವು ಹೋಗಲಿಲ್ಲ. ಹೋಗುವುದಿರಲಿ, ದಿನದಿನಕ್ಕೆ ಬೆಳೆಯಿತು. ಕೈ ಊದಿಕೊಂಡಿತು. ಒಂದು ಗಳಿಗೆ ಕೆಂಪಾಗಿ ಬಿಸಿಯೇರುವುದು, ಇನ್ನೊಂದು ಗಳಿಗೆ ನೀಲಿಗಟ್ಟಿ ತಣ್ಣಗಾಗುವುದು. ಮೈಯೆಲ್ಲ ಒಣಗಿದ್ದರೂ ಆ ಅಂಗೈ ಒಂದೇ ಬೆವರುವುದು. ಬೆರಳುಗಳು ಮಡಿಸದಾದವು. ಸೀರೆಯ ಸೆರಗು ತಗುಲಿದರೆ, ಫ್ಯಾನಿನ ಗಾಳಿ ಬಿದ್ದರೆ, ಕಾದ ಎಣ್ಣೆ ಸಿಡಿದವರಂತೆ ಬೆಚ್ಚುವರು. ಬಂಧುಗಳಲ್ಲಿ ಒಬ್ಬರು ಎಣ್ಣೆ ಹಚ್ಚಿ ನೀವಿಸಬೇಕೆಂದರು; ಮತ್ತೊಬ್ಬರು ಗ್ರಹಚಾರವೆಂದರು. ನಾಲ್ಕು ತಿಂಗಳು ಕಳೆದು, ಮೂವರು ವೈದ್ಯರನ್ನು ಕಂಡ ಮೇಲೆ, ಬೆಂಗಳೂರಿನ ನೋವುಚಿಕಿತ್ಸೆಯ ತಜ್ಞರೊಬ್ಬರು ರೋಗದ ಹೆಸರನ್ನು ಹೇಳಿದರು: ‘ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್’. ಒಂದು ಅಂಗವನ್ನು ಹಿಡಿದು ಬಿಡದ ಜಟಿಲವಾದ ವೇದನೆ ಎಂದು ಕನ್ನಡದಲ್ಲಿ ಅರ್ಥಮಾಡಿಕೊಳ್ಳಬಹುದು. ಮಣಿಕಟ್ಟಿನ ಮುರಿತ ಇದರ ಸಾಮಾನ್ಯ ಕಾರಣಗಳಲ್ಲಿ ಒಂದು. ಗಂಡಸರಿಗಿಂತ ಹೆಂಗಸರಲ್ಲಿ ಇದು ಮೂರು ನಾಲ್ಕು ಪಟ್ಟು ಹೆಚ್ಚಾಗಿ ಕಾಣುತ್ತದೆ. ರಕ್ತಪರೀಕ್ಷೆಯಾಗಲಿ ಎಕ್ಸ್‌ರೇ ಚಿತ್ರವಾಗಲಿ ಇದನ್ನು ಖಚಿತವಾಗಿ ಹಿಡಿದುಕೊಡುವುದಿಲ್ಲ. ರೋಗಿ ಹೇಳುವುದನ್ನು ಕೇಳಿ, ಕೈಯ ಬಣ್ಣ, ಬಿಸಿ, ಊತ, ಬೆವರು, ಚಲನೆ ಇವುಗಳನ್ನು ನೋಡಿ ವೈದ್ಯರು ನಿರ್ಣಯಿಸಬೇಕು.

ಸಾಮಾನ್ಯವಾದ ನೋವು ಮನೆಯ ಕಾವಲುಗಾರನಿದ್ದಂತೆ. ಕಳ್ಳ ಬಂದಾಗ ಕೂಗುತ್ತಾನೆ. ಕಳ್ಳ ಹೋದ ಮೇಲೆ ಸುಮ್ಮನಾಗುತ್ತಾನೆ. ಅತ್ತಿಗೆಗೆ ಬಂದ ನೋವಿನಲ್ಲಿ ಕಳ್ಳ ಹೋಗಿ ತಿಂಗಳುಗಳಾದರೂ ಕಾವಲುಗಾರ ಕೂಗುತ್ತಲೇ ಇರುತ್ತಾನೆ. ಎಲೆ ಅಲುಗಿದರೂ ಕೂಗುತ್ತಾನೆ. ಇದಕ್ಕೆ ನರ ಕಡಿದಿರಬೇಕೆಂದೇನೂ ಇಲ್ಲ. ನೋವಿನ ಸುದ್ದಿಯನ್ನು ಒಯ್ಯುವ ನರಮಂಡಲದ ನಡತೆಯೇ ಕೆಟ್ಟಿರುತ್ತದೆ. ಹಲವರಿಗೆ ಮೊದಲ ವರ್ಷದಲ್ಲಿಯೇ ಬಹುಮಟ್ಟಿಗೆ ಇಳಿಯುತ್ತದೆ. ಕೆಲವರನ್ನು ವರ್ಷಗಟ್ಟಲೆ ಕಾಡುತ್ತದೆ. ಅತ್ತಿಗೆ ಎರಡನೆಯ ಗುಂಪಿಗೆ ಸೇರಿದರು.

ನಾನು ಕನ್ನಡದ ಅಧ್ಯಾಪಕ. ವೈದ್ಯಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ನೋವಿನ ವಿಷಯದಲ್ಲಿ ಭಾಷೆಗೂ ಒಂದು ಸ್ಥಾನವಿದೆಯೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ನಮ್ಮಲ್ಲಿ ಹಲ್ಲು ಸೆಳೆಯುತ್ತದೆ, ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಗಾಯ ಚುರುಗುಟ್ಟುತ್ತದೆ. ಬೆನ್ನಿಗೆ ಚಳುಕು, ಕಾಲಿಗೆ ಜೋಮು. ಇವೆಲ್ಲ ಒಂದೇ ನೋವಿನ ಹೆಸರುಗಳಲ್ಲ. ಬೇರೆ ಬೇರೆ ನೋವುಗಳು. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ ಎಂಬ ಮನಶ್ಶಾಸ್ತ್ರಜ್ಞರು ರೋಗಿಗಳು ಬಳಸುವ ಇಂಥ ಮಾತುಗಳನ್ನೇ ಕಲೆಹಾಕಿ, ಗುಂಪುಗುಂಪಾಗಿ ಜೋಡಿಸಿ, 1975ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ನೋವು ಎಷ್ಟಿದೆ ಎಂಬುದರ ಜೊತೆಗೆ ಎಂಥದಿದೆ ಎಂಬುದನ್ನೂ ಕೇಳಬೇಕೆಂಬುದು ಅದರ ತಾತ್ಪರ್ಯ. ಉರಿ, ಜುಮ್ಮೆನ್ನುವುದು, ಸೂಜಿ ಚುಚ್ಚಿದಂತಾಗುವುದು, ಕರೆಂಟು ಹೊಡೆದಂತಾಗುವುದು, ಇಂಥ ಮಾತುಗಳು ರೋಗಿಯ ಬಾಯಿಂದ ಬಂದರೆ ವೈದ್ಯರು ನರಗಳ ಕಡೆಗೆ ಗಮನ ಹರಿಸುತ್ತಾರೆ. ಹಳ್ಳಿಯ ಅಜ್ಜಿಯೊಬ್ಬಳು ‘ಧಗಧಗ ಅನ್ನುತ್ತದೆ ನರ್ಸಮ್ಮ’ ಎಂದಾಗ ಅದನ್ನು ಬರಿಯ ಗೋಳಾಟವೆಂದು ಎಣಿಸದೆ ಅತ್ತಿಗೆ ಡಾಕ್ಟರಿಗೆ ಹೇಳುತ್ತಿದ್ದರಂತೆ. ಈಗ ಅದೇ ಧಗಧಗ ಅವರ ಕೈಗೆ ಬಂದಿದೆ.

ಈ ಉರಿಯನ್ನು ಮೊದಲು ವಿವರವಾಗಿ ಬರೆದಿಟ್ಟವರಲ್ಲಿ ಅಮೆರಿಕದ ಸೈಲಸ್ ವಿಯರ್ ಮಿಚೆಲ್ ಎಂಬ ವೈದ್ಯ ಮುಖ್ಯನಾದವನು. 1861ರಿಂದ 1865ರವರೆಗೆ ಅಲ್ಲಿ ನಡೆದ ಅಂತರ್ಯುದ್ಧದಲ್ಲಿ ಗುಂಡಿನ ಗಾಯದಿಂದ ನರಕ್ಕೆ ಪೆಟ್ಟಾದ ಸೈನಿಕರನ್ನು ಆತ ಫಿಲಡೆಲ್ಫಿಯಾದ ಒಂದು ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಿದ್ದ. ಗಾಯ ಮಾಯ್ದಿದ್ದರೂ ಅವರು ಉರಿಯಿಂದ ಚೀರುತ್ತಿದ್ದರು. ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡೇ ಇರುತ್ತಿದ್ದರು. 1864ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಆತ ಇದನ್ನು ಪುಸ್ತಕವಾಗಿ ಪ್ರಕಟಿಸಿದ. ಮುಂದೆ ಉರಿ ಮತ್ತು ನೋವು ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಈ ವೇದನೆಗೆ ‘ಕಾಸಾಲ್ಜಿಯ’ ಎಂದು ಹೆಸರಿಟ್ಟ. 1946ರಲ್ಲಿ ಇಂಥ ನೋವುಗಳಿಗೆ ಮತ್ತೊಂದು ಹೆಸರು ಬಂತು. ಅತ್ತಿಗೆಗೆ ಡಾಕ್ಟರು ಹೇಳಿದ ಹೆಸರು 1994ರದು. ಸೈನಿಕರ ನೋವನ್ನು ಇಷ್ಟು ಶ್ರದ್ಧೆಯಿಂದ ನಂಬಿದ ಇದೇ ಮಿಚೆಲ್, ನರಗಳ ದೌರ್ಬಲ್ಯವೆಂದು ಬಂದ ಹೆಂಗಸರಿಗೆ ಮಾತ್ರ ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿ, ಓದುಬರಹವನ್ನೂ ಬಿಟ್ಟಿರಬೇಕೆಂಬ ‘ವಿಶ್ರಾಂತಿ ಚಿಕಿತ್ಸೆ’ಯನ್ನು ವಿಧಿಸಿ ಪ್ರಸಿದ್ಧನಾದ! ಅತ್ತಿಗೆಯ ರೋಗದಲ್ಲಂತೂ ಕೈಗೆ ಪೂರ್ಣ ವಿಶ್ರಾಂತಿ ಕೊಡುವುದೇ ಅಪಾಯ. ನೋಯುತ್ತಿದ್ದರೂ ಅದನ್ನು ಮೆಲ್ಲಮೆಲ್ಲನೆ ಆಡಿಸುತ್ತಿರಬೇಕು.

ಆದ್ದರಿಂದ ಅತ್ತಿಗೆಯ ದಿನಚರಿ ಈಗ ಹೀಗಿದೆ. ಬೆಳಿಗ್ಗೆ ಒಂದು ಬೋಗುಣಿಯಲ್ಲಿ ಅಕ್ಕಿಯನ್ನು ತುಂಬಿ ಅದರೊಳಗೆ ಬಲಗೈ ಬೆರಳುಗಳನ್ನು ಆಡಿಸುವುದು. ಸ್ಪರ್ಶವೆಂದರೆ ಅಪಾಯವಲ್ಲವೆಂದು ಕೈಗೆ ಮತ್ತೆ ಕಲಿಸಬೇಕಂತೆ. ಆಮೇಲೆ ಕನ್ನಡಿಯ ಅಭ್ಯಾಸ. ಬಲಗೈಯನ್ನು ಕನ್ನಡಿಯ ಹಿಂದೆ ಮರೆಮಾಡಿ, ಎಡಗೈಯನ್ನು ಮುಂದೆ ಆಡಿಸುತ್ತಾ ಪ್ರತಿಬಿಂಬವನ್ನೇ ನೋಡುತ್ತಿರುವುದು. ಬಲಗೈ ನೋವಿಲ್ಲದೆ ಆಡುತ್ತಿದೆಯೆಂದು ಮಿದುಳು ಭ್ರಮಿಸಿ, ಆ ಭ್ರಮೆಯಿಂದಲೇ ಸ್ವಲ್ಪ ಸಮಾಧಾನ ಹೊಂದುತ್ತದೆ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಲಯನೂರು ರಾಮಚಂದ್ರನ್ ಅವರು 1990ರ ದಶಕದಲ್ಲಿ, ಕತ್ತರಿಸಿಹೋದ ಕೈಯಲ್ಲಿಯೂ ನೋವನ್ನು ಅನುಭವಿಸುವವರಿಗಾಗಿ ಈ ಉಪಾಯವನ್ನು ಕಂಡುಹಿಡಿದರು. ರಾತ್ರಿ ಮಾತ್ರೆಗಳು. ಮಾಮೂಲು ನೋವಿನ ಮಾತ್ರೆಗಳು ಇಂಥ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲೀನ್, ಮೂರ್ಛೆರೋಗಕ್ಕೆಂದು ಬಂದ ಗ್ಯಾಬಪೆಂಟಿನ್ ಮೊದಲಾದವನ್ನು ಕೊಡುತ್ತಾರೆ. ಔಷಧಿಯ ಚೀಟಿಯನ್ನು ನೋಡಿದ ನೆರೆಮನೆಯವರು ‘ಪಾಪ, ತಲೆಯೇ ಕೆಟ್ಟಿದೆಯಂತೆ’ ಎಂದು ಬೀದಿಗೆಲ್ಲ ಸುದ್ದಿ ಹಬ್ಬಿಸಿದ್ದೂ ಆಯಿತು.

ಆ ಸುದ್ದಿಗೆ ಅತ್ತಿಗೆ ತಲೆಕೆಡಿಸಿಕೊಳ್ಳಲಿಲ್ಲ. ಅವರನ್ನು ಕಾಡಿದ ಚಿಂತೆಯೇ ಬೇರೆ. ಈ ಮಾತ್ರೆಗಳು ಮಂಪರನ್ನು ತರುತ್ತವೆ. “ಮಾತ್ರೆ ನುಂಗಿದರೆ ಕೈ ಸುಮಾರಾಗಿರುತ್ತದೆ, ತಲೆ ಮಂಜು. ನುಂಗದಿದ್ದರೆ ತಲೆ ಚುರುಕು, ಕೈ ಕೆಂಡ. ಮಂಜುಗವಿದ ತಲೆಯಲ್ಲಿ ಒಂದು ಮಗುವಿನ ಇಂಜೆಕ್ಷನ್ನಿಗೆ ಎಷ್ಟು ಮಿಲಿ ಎಂದು ಲೆಕ್ಕ ಹಾಕುವುದಕ್ಕೆ ನನ್ನನ್ನು ನಾನೇ ಬಿಡುವುದಿಲ್ಲ” ಎಂದರು.

1968ರಲ್ಲಿ ಮಾರ್ಗೊ ಮೆಕ್‌ಕಾಫ್ರಿ ಎಂಬ ಅಮೆರಿಕದ ದಾದಿ ತಮ್ಮ ವೃತ್ತಿಯವರಿಗೆ ಒಂದು ಪಾಠ ಹೇಳಿದರು. ರೋಗಿ ತನ್ನ ನೋವು ಏನೆಂದು ಹೇಳುತ್ತಾನೋ ಅದೇ ನೋವು. ಇದೆಯೆಂದು ಅವನು ಹೇಳಿದಾಗ ಅದು ಇದೆ. ಮೊದಲು ನಂಬಬೇಕು ಎಂಬುದು ಅದರ ಸಾರಾಂಶ. ಮುಂದೆ ಅದು ಜಗತ್ತಿನ ದಾದಿಯರಿಗೆಲ್ಲ ಪಾಠವಾಯಿತು. ‘ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು?’ ಎಂದು ಸಾವಿರಾರು ರೋಗಿಗಳನ್ನು ಕೇಳಿ, ಬಂದ ಅಂಕವನ್ನು ಪ್ರಶ್ನಿಸದೆ ಬರೆದುಕೊಂಡವರು ನಮ್ಮ ಅತ್ತಿಗೆ. ಅಂಥವರು ತಮ್ಮ ಅಂಕವನ್ನು ಹೇಳುವ ಸರದಿ ಬಂದಾಗ ಎದುರಿಗಿದ್ದವರು ಎಕ್ಸ್‌ರೇ ಚಿತ್ರವನ್ನು ಎತ್ತಿಹಿಡಿದು, “ಮೂಳೆ ಕೂಡಿದೆಯಲ್ಲ ಸಿಸ್ಟರ್?” ಎಂದರು. ನೋಡಲು ಬಂದವರು, “ಮುಖ ಚೆನ್ನಾಗಿಯೇ ಇದೆಯಲ್ಲ!” ಎಂದರು. ಲೋಕಕ್ಕೆಲ್ಲ ನಂಬಿಕೆಯನ್ನು ಕಲಿಸಿದ ವೃತ್ತಿಯವರನ್ನೇ ನಂಬುವವರು ಯಾರೂ ಇಲ್ಲದ ಮೇಲೆ ಅವರು ಯಾರ ಬಳಿಗೆ ಹೋಗಬೇಕು?

ಇದು ಒಬ್ಬ ಅತ್ತಿಗೆಯ ಕಥೆಯಲ್ಲ. ರೋಗಿಗಳನ್ನು ಎತ್ತಿ ಇಳಿಸಿ ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿ, ಅದು ನರವನ್ನೊತ್ತಿ, ಸೊಂಟದಿಂದ ಹಿಮ್ಮಡಿಯವರೆಗೆ ಮಿಂಚು ಹರಿದಂತಾಗುವ ಸಯಾಟಿಕದಿಂದ ನರಳುವ ದಾದಿಯರನ್ನು ಯಾವ ದೊಡ್ಡ ಆಸ್ಪತ್ರೆಯಲ್ಲಿಯೂ ಕಾಣಬಹುದು. ಅವರಲ್ಲಿ ಅನೇಕರು ಹೇಳಿಕೊಳ್ಳುವುದೇ ಇಲ್ಲ. ಹೇಳಿಕೊಂಡರೆ ಕೆಲಸ ಹೋದೀತೆಂಬ ಭಯ.

ಆ ಭಯ ಸುಳ್ಳಲ್ಲವೆಂಬುದು ನನಗೆ ಅತ್ತಿಗೆಯ ಜೊತೆ ಕಚೇರಿಗೆ ಹೋದಾಗ ಗೊತ್ತಾಯಿತು. ಗುಮಾಸ್ತರು ಒಳ್ಳೆಯವರೇ, ಕುರ್ಚಿ ಕೊಟ್ಟು ಕೂರಿಸಿದರು. “ಮೇಡಂ, ಫಿಟ್ ಎಂದು ಸರ್ಟಿಫಿಕೇಟು ತನ್ನಿ, ನಾಳೆಯೇ ಡ್ಯೂಟಿಗೆ ಹಾಕಿಕೊಳ್ಳುತ್ತೇವೆ. ಅನ್‌ಫಿಟ್ ಎಂದಿದ್ದರೆ ರಜೆಗೆ ಬರೆಯಿರಿ. ಅರ್ಧ ಫಿಟ್ ಎಂಬುದಕ್ಕೆ ನಮ್ಮಲ್ಲಿ ಫಾರಂ ಇಲ್ಲ” ಎಂದರು. ರಜೆಯೆಲ್ಲ ಮುಗಿದಿತ್ತು, ಸಂಬಳ ನಿಂತಿತ್ತು. ಮನೆಗೆ ಬರುವ ದಾರಿಯಲ್ಲಿ, “ಸುಮ್ಮನೆ ಫಿಟ್ ಎಂದು ಬರೆಸಿಕೊಂಡು ಹೋಗಿಬಿಡಬಾರದೆ, ಅತ್ತಿಗೆ? ಆಮೇಲೆ ಹೇಗೋ ನಡೆಯುತ್ತದೆ” ಎಂದೆ. ನನ್ನ ಬುದ್ಧಿ ಅಷ್ಟೇ.

ಅತ್ತಿಗೆ ನಿಂತರು. “ಹೇಗೋ ಹೇಗೆ ನಡೆಯುತ್ತದೆ? ನನ್ನ ಪಾಳಿಯಲ್ಲಿ ಒಬ್ಬನ ಎದೆಬಡಿತ ನಿಂತಿತೆಂದು ಇಟ್ಟುಕೋ. ಎರಡೂ ಕೈಗಳನ್ನು ಸೇರಿಸಿ ಎದೆಯನ್ನು ಎರಡು ಅಂಗುಲದಷ್ಟು ಆಳಕ್ಕೆ ಒತ್ತಬೇಕು, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ. ಈ ಕೈಯಲ್ಲಿ ಹತ್ತು ಸಲವೂ ಆಗುವುದಿಲ್ಲ. ಒಬ್ಬೊಬ್ಬ ರೋಗಿಯನ್ನು ಮುಟ್ಟುವ ಮೊದಲೂ ಆಮೇಲೂ ಸ್ಪಿರಿಟ್ಟಿನ ದ್ರವದಲ್ಲಿ ಕೈ ಉಜ್ಜಿಕೊಳ್ಳಬೇಕು. ಗ್ಲೌಸು ಎಳೆದು ಹಾಕಬೇಕು. ನೋಯುತ್ತದೆಂದು ನಾನು ಒಂದು ಸಲ ಬಿಟ್ಟರೆ ಸೋಂಕು ಇನ್ನೊಬ್ಬರಿಗೆ. ಅಲ್ಲಿಗೆ ನಾನು ಹೋಗಬಾರದು. ಆದರೆ ಆಸ್ಪತ್ರೆಯೆಂದರೆ ಅದೊಂದೇ ಕೆಲಸವೇ?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನನಗೆ ನೆನಪಾದವಳು ಫ್ಲಾರೆನ್ಸ್ ನೈಟಿಂಗೇಲ್. ದೀಪವನ್ನು ಹಿಡಿದು ವಾರ್ಡಿನಲ್ಲಿ ತಿರುಗುವ ಆಕೆಯ ಚಿತ್ರವನ್ನು ನಾವೆಲ್ಲ ಪಠ್ಯಪುಸ್ತಕಗಳಲ್ಲಿ ನೋಡಿದ್ದೇವೆ. ಆ ದೀಪದ ಕಾಲ ಎರಡು ವರ್ಷವೂ ಇರಲಿಲ್ಲವೆಂಬುದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. 1854ರ ನವೆಂಬರಿನಲ್ಲಿ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದಳು. 1855ರಲ್ಲಿ ಕ್ರಿಮಿಯಾದಲ್ಲಿ ಜ್ವರ ಹಿಡಿಯಿತು. 1856ರಲ್ಲಿ ಇಂಗ್ಲೆಂಡಿಗೆ ಮರಳಿದಳು. ಮರುವರ್ಷ, ಮೂವತ್ತೇಳನೆಯ ವಯಸ್ಸಿನಲ್ಲಿ, ಕುಸಿದು ಹಾಸಿಗೆ ಹಿಡಿದಳು. 1861ರ ಕೊನೆಯಿಂದ ಬೆನ್ನುಮೂಳೆಯ ನೋವು ವಿಪರೀತವಾಗಿ ಹಲವು ವರ್ಷ ನಡೆದಾಡುವುದೂ ಕಷ್ಟವಾಯಿತು. ಇದು ಮನಸ್ಸಿನ ರೋಗವೆಂದೂ, ಜನರನ್ನು ದೂರವಿಡುವ ನೆಪವೆಂದೂ ಬರೆದ ಚರಿತ್ರಕಾರರುಂಟು. ಅದು ಕುರಿ, ಮೇಕೆ, ದನಗಳ ಹಾಲಿನಿಂದ ಹರಡುವ ಬ್ರೂಸೆಲ್ಲೋಸಿಸ್ ಎಂಬ ರೋಗದ ದೀರ್ಘರೂಪವಾಗಿದ್ದಿರಬೇಕೆಂದು 1995ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಒಬ್ಬ ವಿದ್ವಾಂಸರು ವಾದಿಸಿದರು. ಆ ರೋಗದ ಸೂಕ್ಷ್ಮಾಣು ಪತ್ತೆಯಾದದ್ದೇ 1887ರಲ್ಲಿ. ಆಕೆಯ ವೈದ್ಯರಿಗೆ ಗೊತ್ತಾಗುವ ಸಂಭವವೇ ಇರಲಿಲ್ಲ.

ಆ ಹಾಸಿಗೆಯಿಂದ ಆಕೆ ಮಾಡಿದ ಕೆಲಸವನ್ನು ನೋಡಿ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶುಶ್ರೂಷಾ ಶಾಲೆ ಆರಂಭವಾಯಿತು. ಭಾರತದಲ್ಲಿದ್ದ ಸೈನ್ಯದ ಆರೋಗ್ಯವನ್ನು ಕುರಿತ ಆಯೋಗದ ವರದಿ 1863ರಲ್ಲಿ ಹೊರಬಂದಾಗ ಅದರ ಹಿಂದಿನ ದುಡಿಮೆಯಲ್ಲಿ ಆಕೆಯದು ದೊಡ್ಡ ಪಾಲು. ಒಮ್ಮೆಯೂ ಈ ದೇಶವನ್ನು ಕಾಣದೆ, ಇಲ್ಲಿಯ ನೀರು, ಚರಂಡಿ, ಕ್ಷಾಮಗಳ ವಿಷಯವಾಗಿ ದಶಕಗಳ ಕಾಲ ಬರೆಯುತ್ತಲೇ ಇದ್ದಳು. 1910ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ನಿಜ, ಆಕೆಗೆ ತಂದೆಯ ಹಣವಿತ್ತು. ತಿಂಗಳ ಕೊನೆಯ ಸಂಬಳದ ಚಿಂತೆ ಇರಲಿಲ್ಲ. ಫಿಟ್ ಸರ್ಟಿಫಿಕೇಟು ಕೇಳುವ ಗುಮಾಸ್ತರೂ ಇರಲಿಲ್ಲ. ಆದರೂ ವಾರ್ಡಿಗೆ ಹೋಗಲಾರದ ದಾದಿ ದಾದಿಯಲ್ಲವೆಂದು ಯಾರಾದರೂ ಹೇಳಿದರೆ, ಈ ವೃತ್ತಿಯನ್ನು ಕಟ್ಟಿದವಳನ್ನೇ ಹೊರಗೆ ಕಳುಹಿಸಿದಂತಾಗುತ್ತದೆ.

ನೈಟಿಂಗೇಲಳ ತಂದೆಯ ಹಣ ನಮ್ಮಲ್ಲಿ ಎಲ್ಲರಿಗೂ ಇರದು. ಆದ್ದರಿಂದ ಕಾನೂನು ಬೇಕು. ಅದು ಇಲ್ಲದಿಲ್ಲ. ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮದ 20ನೆಯ ಪ್ರಕರಣವನ್ನು ನಾನು ಈಚೆಗೆ ಓದಿದೆ. ಸರ್ಕಾರಿ ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಕೆಲಸದಿಂದ ತೆಗೆಯಕೂಡದು, ದರ್ಜೆಯನ್ನು ಇಳಿಸಕೂಡದು; ಇದ್ದ ಹುದ್ದೆಗೆ ಒಗ್ಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು; ಅಂಥ ಹುದ್ದೆ ಸಿಗುವವರೆಗೆ ಹೆಚ್ಚುವರಿ ಹುದ್ದೆಯೊಂದರಲ್ಲಿ ಇರಿಸಿಕೊಳ್ಳಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಗುಮಾಸ್ತರು ಇಲ್ಲವೆಂದ ಮೂರನೆಯ ದಾರಿ ಇದೇ. ಇದರಲ್ಲಿ ಎರಡು ತೊಡಕುಗಳುಂಟು. ವೈಕಲ್ಯವನ್ನು ಅಳೆಯುವ ವೈದ್ಯಮಂಡಳಿಗೆ ಕಾಣದ ನೋವನ್ನು ತೋರಿಸುವುದು ಸುಲಭವಲ್ಲ. ಎರಡನೆಯದಾಗಿ, ಆ ಪ್ರಕರಣ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿ ನರ್ಸಿಂಗ್ ಹೋಮುಗಳಲ್ಲಿ ದುಡಿಯುವ ದಾದಿಯರಿಗೆ ಅದರ ಆಸರೆಯಿಲ್ಲ.

ಈ ವಿಷಯವನ್ನು ಭಾನುವಾರ ಸಂಜೆ ಅತ್ತಿಗೆಗೆ ಹೇಳಿ, ಮೇಲಧಿಕಾರಿಗಳಿಗೆ ಒಂದು ಅರ್ಜಿ ಬರೆದುಕೊಡುತ್ತೇನೆಂದು ಕುಳಿತೆ. ಕನ್ನಡದ ಎಂ.ಎ. ಏತಕ್ಕಾಗಿ ಇರುವುದು? ‘ಕರುಣಾಳುಗಳಾದ ತಮ್ಮ ಸನ್ನಿಧಿಗೆ’ ಎಂದು ಆರಂಭಿಸಿ ಒಂದು ಪುಟ ಬರೆದೆ. ಅತ್ತಿಗೆ ಓದಿ ಹಿಂದಕ್ಕೆ ಕೊಟ್ಟರು. “ನಿನ್ನ ಸಾಹಿತ್ಯ ಬೇಡಪ್ಪ. ಕರುಣೆಯನ್ನು ನಾನು ಕೇಳುತ್ತಿಲ್ಲ. ಕೆಲಸ ಕೇಳುತ್ತಿದ್ದೇನೆ.”

ಎಡಗೈಯಲ್ಲಿ ಪೆನ್ನು ಹಿಡಿದು ತಾವೇ ಬರೆದರು. ಕಾಗದದ ನಡುವೆ ಒಂದು ಗೆರೆ ಎಳೆದು ಎಡಕ್ಕೆ ‘ನನ್ನಿಂದ ಆಗದು’, ಬಲಕ್ಕೆ ‘ನನ್ನಿಂದ ಆಗುವುದು’ ಎಂದು ಹಾಕಿದರು. ಎಡಗಡೆ: ರೋಗಿಗಳನ್ನು ಎತ್ತುವುದು, ಎದೆಯೊತ್ತುವುದು, ಸೂಜಿ ಹಾಕುವುದು, ರಾತ್ರಿಯ ಪಾಳಿ. ಬಲಗಡೆ: ಲಸಿಕೆಯ ದಾಖಲೆ ಮತ್ತು ಶೈತ್ಯಪೆಟ್ಟಿಗೆಯ ಉಷ್ಣತೆಯ ತಪಾಸಣೆ, ವಾರ್ಡುಗಳಲ್ಲಿ ಕೈತೊಳೆಯುವ ಕ್ರಮ ಸರಿಯಾಗಿ ನಡೆಯುತ್ತಿದೆಯೇ ಎಂಬ ಮೇಲ್ವಿಚಾರಣೆ, ಹೊಸದಾಗಿ ಸೇರಿದ ದಾದಿಯರಿಗೆ ಪಾಠ, ಸಕ್ಕರೆ ಕಾಯಿಲೆಯವರಿಗೆ ಪಾದಗಳ ಆರೈಕೆಯ ತಿಳಿವಳಿಕೆ. ಮೊದಲ ಮೂರು ತಿಂಗಳು ಅರ್ಧ ದಿನ. ಆಮೇಲೆ ನೋಡಿ ಹೆಚ್ಚಿಸಬಹುದು. ಮಾತ್ರೆಯ ಮಂಪರಿನ ವಿಷಯವನ್ನೂ ಮುಚ್ಚಿಡದೆ ಬರೆದರು. ಬಲಗಡೆಯ ಪಟ್ಟಿ ಎಡಗಡೆಯದಕ್ಕಿಂತ ಉದ್ದವಾಯಿತು. ಅದನ್ನು ಕಂಡು ಅವರಿಗೇ ಆಶ್ಚರ್ಯವಾದಂತೆ ತೋರಿತು.

ಅರ್ಜಿ ಸೋಮವಾರ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ಅಕ್ಕಿಯ ಬೋಗುಣಿ, ಕನ್ನಡಿ, ಕಾಪಿ ಪುಸ್ತಕ ನಡೆದೇ ಇರುತ್ತವೆ. ಈ ಪತ್ರಿಕೆಯನ್ನು ಓದುವವರಲ್ಲಿ ಆಸ್ಪತ್ರೆಗಳ ಆಡಳಿತಗಾರರೂ ಇರಬಹುದು. ಅವರ ಮೇಜಿನ ಮೇಲೆ ಇಂಥ ಅರ್ಜಿಯೊಂದು, ವಾಲಿದ ಅಕ್ಷರಗಳಲ್ಲಿ, ಬಂದು ಬಿದ್ದಿದ್ದರೆ ದಯವಿಟ್ಟು ಬಲಗಡೆಯ ಪಟ್ಟಿಯನ್ನು ಮೊದಲು ಓದಬೇಕೆಂದು ನನ್ನ ಪ್ರಾರ್ಥನೆ.

ಭಾನುವಾರ ಹೊರಡುವ ಮುನ್ನ ಅತ್ತಿಗೆ ಬಾಗಿಲ ಬಳಿ ನಿಂತು, “ಅಂಕ ಹೇಳಲೇ ಇಲ್ಲವಲ್ಲ?” ಎಂದರು.

“ಮೂವತ್ತೈದು” ಎಂದೆ.

“ಸಾಕು. ಪಾಸಾದರೆ ಸಾಕಪ್ಪ, ರ‍್ಯಾಂಕು ಯಾರಿಗೆ ಬೇಕು!” ಎಂದು ನ‍ಗುತ್ತಾ ಎಡಗೈಯಿಂದ ಗೇಟು ಹಾಕಿಕೊಂಡರು.